ಉಳ್ಳಾಲದ ರಾಣಿಯೂ ಕಡಲೊಳಗಿನ ಬಾವಿಯೂ



ಈ ಪುಟವನ್ನು ಓದುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಸಿರಿಗೆರೆ, ಭರಮಸಾಗರಗಳ ಸುತ್ತಿನ ಬಯಲುಸೀಮೆಯವರು. ಕಡಲು ನಮಗೆ ಭೂಗೋಳದ ಪಾಠದಲ್ಲಿ ಬರುವ ವಸ್ತು. ಭೂಪಟದಲ್ಲಿ ನೀಲಿ ಬಣ್ಣ ಹಚ್ಚಿದರೆ ಮುಗಿಯಿತು. ಅದರ ಪಕ್ಕದಲ್ಲಿ ಬದುಕುವುದೆಂದರೇನು ಎಂಬುದು ನನಗೆ ತಿಳಿದದ್ದು ನಿವೃತ್ತಿಯ ನಂತರವೇ. ಅಳಿಯಂದಿರಿಗೆ ದೇರಳಕಟ್ಟೆಯ ಕಾಲೇಜೊಂದರಲ್ಲಿ ಕೆಲಸವಾಗಿ ಮಗಳು ತೊಕ್ಕೊಟ್ಟಿನಲ್ಲಿ ಸಂಸಾರ ಹೂಡಿದ ಮೇಲೆ, ವರ್ಷಕ್ಕೆ ಎರಡು ಮೂರು ತಿಂಗಳು ನಾನು ಉಳ್ಳಾಲದವನು.

ಮಂಗಳೂರಿನಿಂದ ನೇತ್ರಾವತಿಯ ಸೇತುವೆ ದಾಟಿದರೆ ಉಳ್ಳಾಲ. ಅದನ್ನು 'ಮಂಗಳೂರಿನ ಹೊರವಲಯ' ಎಂದು ಕರೆಯುವ ರೂಢಿ ಬಿದ್ದಿದೆ. ಈ ಮಾತು ನನಗೆ ಸರಿಕಾಣುವುದಿಲ್ಲ. ಚೌಟ ಅರಸು ಮನೆತನದ ರೇವುಪಟ್ಟಣವಾಗಿ, ಮೆಣಸು, ಅಕ್ಕಿಗಳ ವ್ಯಾಪಾರದಿಂದ ಪೋರ್ಚುಗೀಸರ ಕಣ್ಣು ಕುಕ್ಕಿಸಿದ್ದ ಊರು, ಈಗ ನೆರೆಯ ನಗರಕ್ಕೆ ಬೆಳಿಗ್ಗೆ ಕೆಲಸಕ್ಕೆ ಹೋಗಿ ಸಂಜೆ ಮಲಗಲು ಬರುವವರ ತಾಣವೆಂದಷ್ಟೇ ಗುರುತಿಸಲ್ಪಡುವುದು ನ್ಯಾಯವೇ? ಒಂದೇ ಬೀದಿಯಲ್ಲಿ ತುಳು, ಬ್ಯಾರಿ, ಕೊಂಕಣಿ, ಮಲಯಾಳ, ಕನ್ನಡ ಐದನ್ನೂ ಕೇಳಬಹುದಾದ ಊರದು. ಸೋಮೇಶ್ವರದ ಬಂಡೆಯ ಮೇಲೊಂದು ದೇವಸ್ಥಾನ, ಸಯ್ಯಿದ್ ಮದನಿ ದರ್ಗಾ, ಪೆರ್ಮನ್ನೂರಿನ ಇಗರ್ಜಿ, ಇವುಗಳ ನಡುವೆ ನಡೆದೇ ಓಡಾಡಬಹುದಾದ ಊರು. ನಮ್ಮ ಚಿತ್ರದುರ್ಗದ ಕಡೆಯವರಿಗೆ ಗೇರುಬೀಜವೆಂದರೆ ಅಂಗಡಿಯ ಪೊಟ್ಟಣ; ಇಲ್ಲಿನ ಸಂಶೋಧನಾ ಕೇಂದ್ರದಿಂದ ಹೊರಬಂದ ಗೇರುತಳಿಗಳಿಗೆ ಉಳ್ಳಾಲ-1, ಉಳ್ಳಾಲ-2 ಎಂದು ಊರಿನ ಹೆಸರನ್ನೇ ಇಟ್ಟಿದ್ದಾರೆ. (ಕುಚ್ಚಿಲಕ್ಕಿಯ ಗಂಜಿಗೆ ಮಾತ್ರ ನನ್ನ ಹೊಟ್ಟೆ ಇನ್ನೂ ಒಗ್ಗಿಲ್ಲ. ರಾಗಿಹಿಟ್ಟನ್ನು ಊರಿನಿಂದಲೇ ಒಯ್ಯುತ್ತೇನೆ.)

ಜೂನ್ ಮೊದಲ ದಿನದಿಂದ ಜುಲೈ ಕೊನೆಯವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಅಂಥದೊಂದು ಮಳೆಗಾಲದ ಬಿಡುವಿನ ಸಂಜೆ ಮೊಗವೀರಪಟ್ಣದ ದಂಡೆಯಲ್ಲಿ ಹಿರಿಯ ಮೀನುಗಾರರೊಬ್ಬರ ಪರಿಚಯವಾಯಿತು. ನಾನು ಮೇಷ್ಟರೆಂದು ತಿಳಿದದ್ದೇ ಮನೆಯೊಳಗಿನಿಂದ ಕುರ್ಚಿ ತರಿಸಿ ಹಾಕಿಸಿದರು. ಸ್ವಲ್ಪ ಹೊತ್ತಿನ ಬಳಿಕ ಸಮುದ್ರದ ಕಡೆ ಕೈಮಾಡಿ, "ಅಗೋ, ಆ ಅಲೆ ಒಡೆಯುತ್ತದಲ್ಲ ಮಾಷ್ಟ್ರೇ, ಅಲ್ಲಿ ನಮ್ಮ ಬಾವಿ ಇತ್ತು" ಎಂದರು. ನಾನು ನೋಡಿದೆ. ಕೆಸರು ಬಣ್ಣದ ನೀರಲ್ಲದೆ ಬೇರೇನೂ ಇರಲಿಲ್ಲ. ಬಾವಿಯ ಆಚೆಗೆ ಏಳು ತೆಂಗಿನ ಮರಗಳಿದ್ದವಂತೆ, ಮರಗಳ ಆಚೆಗೆ ಬಲೆ ಒಣಗಿಸುವ ಬಯಲು, ಅದರಾಚೆ ಸಮುದ್ರ. ಬಾವಿ ಬತ್ತಿಹೋದ ಕಥೆಗಳನ್ನು ಕೇಳುತ್ತ ಬೆಳೆದವನು ನಾನು. ಬಾವಿಯೊಂದು ನೀರಿನೊಳಗೇ ಕಳೆದುಹೋದ ಕಥೆಯನ್ನು ಕೇಳಿದ್ದು ಅದೇ ಮೊದಲು.

ಪ್ರತಿ ಮಳೆಗಾಲದಲ್ಲಿ ಪತ್ರಿಕೆಗಳಲ್ಲಿ ನೀವು ಓದುವ 'ಕಡಲ್ಕೊರೆತ'ವೆಂದರೆ ಇದು. ಮನೆ ಕುಸಿಯುವ ಚಿತ್ರ, ಜನಪ್ರತಿನಿಧಿಗಳ ಭೇಟಿ, ಲಾರಿಗಳಲ್ಲಿ ಬರುವ ಕಪ್ಪು ಬಂಡೆಗಳು, ಮುಂದಿನ ಆಷಾಢದಲ್ಲಿ ಆ ಬಂಡೆಗಳೂ ಕಾಣೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಇದನ್ನು ಪ್ರಕೃತಿ ವಿಕೋಪವೆಂದು ಕರೆದು ಕೈತೊಳೆದುಕೊಳ್ಳುವುದನ್ನು ನಾನು ಒಪ್ಪಲಾರೆ. ಮಳೆಗಾಲದಲ್ಲಿ ಸಮುದ್ರ ದಂಡೆಯ ಮರಳನ್ನು ಒಳಕ್ಕೆ ಎಳೆದುಕೊಳ್ಳುವುದೂ ಬೇಸಿಗೆಯಲ್ಲಿ ಮರಳಿ ತಂದು ಹಾಕುವುದೂ ಅನಾದಿಕಾಲದ ಲೇವಾದೇವಿ. ಆ ಲೆಕ್ಕಕ್ಕೆ ನದಿಯೂ ತನ್ನ ಪಾಲಿನ ಮರಳನ್ನು ಜಮಾ ಮಾಡುತ್ತಿತ್ತು. ಈಗ ನೇತ್ರಾವತಿಗೆ ತುಂಬೆಯಲ್ಲಿ ಅಣೆಕಟ್ಟಿದೆ. ನದಿಯ ಪಾತ್ರದಿಂದ ಲೋಡುಗಟ್ಟಲೆ ಮರಳು ಕಟ್ಟಡಗಳಿಗೆ ಹೋಗಿದೆ. ಜೊತೆಗೆ, ದೋಣಿಗಳ ದಾರಿ ಸುಗಮವಾಗಲೆಂದು ನೇತ್ರಾವತಿ ಗುರುಪುರ ನದಿಗಳ ಅಳಿವೆಬಾಗಿಲಲ್ಲಿ 1990ರ ದಶಕದಲ್ಲಿ ಎರಡು ಬ್ರೇಕ್‌ವಾಟರ್‌ಗಳನ್ನು ಕಟ್ಟಿದರು. ದಂಡೆಯುದ್ದಕ್ಕೂ ಸಾಗುವ ಮರಳಿಗೆ ಅಡ್ಡಗೋಡೆ ಹಾಕಿದರೆ ಒಂದು ಕಡೆ ಗುಡ್ಡೆಯಾಗುತ್ತದೆ, ಇನ್ನೊಂದು ಕಡೆ ಬರಿದಾಗುತ್ತದೆ. ಹೊಲದ ಬದುವಿನ ಬಳಿ ಮಳೆನೀರು ಹರಿಯುವುದನ್ನು ನೋಡಿದ ನಮ್ಮ ರೈತರಿಗೆ ಇದನ್ನು ವಿವರಿಸಬೇಕಾಗಿಲ್ಲ. 2010ರಲ್ಲಿ ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಸಾಲ ಮಂಜೂರಾಗಿ, ಕಡಲೊಳಗೇ ಅಲೆಯ ರಭಸ ಮುರಿಯುವ ದಿಬ್ಬಗಳನ್ನು ಕಟ್ಟುವ ಕೆಲಸ ನಡೆಯಿತು. ಬರೀ ಬಂಡೆ ಸುರಿಯುವುದಕ್ಕಿಂತ ಅದು ಮೇಲು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಒಂದು ಕೇರಿಯನ್ನು ಕಾಪಾಡಿದ ಕಲ್ಲು ಪಕ್ಕದ ಕೇರಿಗೆ ಏನು ಮಾಡೀತು ಎಂದು ಕೇಳುವ ಅಭ್ಯಾಸ ನಮಗಿನ್ನೂ ಬರಬೇಕಾಗಿದೆ.

ಉಳ್ಳಾಲವೆಂದರೆ ರಾಣಿ ಅಬ್ಬಕ್ಕ. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರನ್ನು ಎದುರಿಸಿದವಳು. ಅಬ್ಬಕ್ಕ ಒಬ್ಬಳೋ, ಒಂದೇ ಹೆಸರಿನ ಇಬ್ಬರು ಮೂವರೋ ಎಂಬ ಚರ್ಚೆ ವಿದ್ವಾಂಸರಲ್ಲಿದೆ. ಅಳಿಯಸಂತಾನದ ಮನೆತನದಲ್ಲಿ ಹೆಸರು ಮರುಕಳಿಸುವುದು ಸಹಜ. ಅವಳ ಹೆಸರಿನಲ್ಲಿ ಉತ್ಸವವಿದೆ, ಅಂಚೆಚೀಟಿಯಿದೆ, ತಟರಕ್ಷಣಾ ಪಡೆಯ ಹಡಗಿದೆ. ಎಲ್ಲವೂ ಸಂತೋಷವೇ. ಚಿತ್ರಗಳಲ್ಲಿ ಮಾತ್ರ ಅವಳ ಕೈಯಲ್ಲಿ ಸದಾ ಕತ್ತಿ. ಇಟಲಿಯ ಯಾತ್ರಿಕ ಪಿಯೆತ್ರೊ ದೆಲ್ಲಾ ವಾಲ್ಲೆ 1623ರಲ್ಲಿ ಈ ಕಡೆಗೆ ಬಂದು ಉಳ್ಳಾಲದ ರಾಣಿಯನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ಅವನಿಗೆ ಎದುರಾದ ರಾಣಿ ಬರಿಗಾಲಿನಲ್ಲಿ, ಸಾದಾ ಬಟ್ಟೆಯಲ್ಲಿ, ತಾಳೆಗರಿಯ ಕೊಡೆಯ ನೆರಳಿನಲ್ಲಿ ನಡೆದು ಹೊರಟಿದ್ದಳು. ಎಲ್ಲಿಗೆಂದರೆ, ತಾನು ತೋಡಿಸುತ್ತಿದ್ದ ಕಾಲುವೆಯ ಕೆಲಸ ನೋಡುವುದಕ್ಕೆ. ಅವನ ಕಣ್ಣಿಗೆ ಅವಳು ರಾಣಿಯಂತೆಯೇ ತೋರಲಿಲ್ಲವಂತೆ. ನನಗಂತೂ ಕತ್ತಿ ಹಿಡಿದವಳಿಗಿಂತ ಈ ಅಬ್ಬಕ್ಕನೇ ಹೆಚ್ಚು ಹತ್ತಿರದವಳೆನಿಸುತ್ತಾಳೆ. ಇಂದು ಉಳ್ಳಾಲಕ್ಕೆ ಬೇಕಾಗಿರುವುದು ನೀರಿನ ಕೆಲಸವನ್ನು ಬರಿಗಾಲಿನಲ್ಲಿ ಹೋಗಿ ನೋಡುವವರು.

ಇಂಗ್ಲೆಂಡಿನಲ್ಲಿ ನೆಲೆಸಿರುವ ನನ್ನ ಶಿಷ್ಯನೊಬ್ಬನಿಗೆ ಈ ಬಾವಿಯ ವಿಷಯ ಬರೆದಿದ್ದೆ. ಅವನು ಸಫೋಕ್ ಪ್ರಾಂತದ ಡನಿಚ್ ಎಂಬ ಊರಿನ ಫೋಟೋಗಳನ್ನು ಕಳಿಸಿಕೊಟ್ಟ. ಮಧ್ಯಯುಗದಲ್ಲಿ ದೊಡ್ಡ ಬಂದರಾಗಿದ್ದ ಅದು 1286ರ ಬಿರುಗಾಳಿಯಿಂದ ಮೊದಲ್ಗೊಂಡು ಸ್ವಲ್ಪ ಸ್ವಲ್ಪವೇ ಕಡಲು ಸೇರಿತು. ಕೊನೆಯ ಹಳೆಯ ಚರ್ಚು 1904ರಿಂದ 1919ರ ನಡುವೆ ತುಂಡುತುಂಡಾಗಿ ದಂಡೆಯಿಂದ ಉರುಳಿತು. ಈಗ ಉಳಿದಿರುವುದು ಚಿಕ್ಕ ಹಳ್ಳಿ. ಆದರೂ ಅಲ್ಲೊಂದು ಪುಟ್ಟ ವಸ್ತುಸಂಗ್ರಹಾಲಯವಿದೆ, ಮುಳುಗಿದ ಪಟ್ಟಣದ ಮಾದರಿಯನ್ನು ಮಾಡಿಟ್ಟಿದ್ದಾರೆ. ಯಾವ ಬೀದಿ ಎಲ್ಲಿತ್ತು ಎಂಬುದನ್ನು ಇಂದಿನ ಮಗು ಬೆರಳಿಟ್ಟು ತೋರಿಸಬಲ್ಲದು. ಮೊಗವೀರಪಟ್ಣದಲ್ಲಿ, ಕೈಪುಂಜಾಲಿನಲ್ಲಿ, ಉಚ್ಚಿಲದಲ್ಲಿ ಹೋದ ಮನೆಗಳ ಪಟ್ಟಿಯನ್ನು ಪರಿಹಾರದ ಕಡತಗಳಾಚೆಗೆ ಯಾರಾದರೂ ಹೀಗೆ ಕಾಪಾಡಿಟ್ಟಾರೇ?

ಮಾಡಿದವರು ಇಲ್ಲವೆಂದಲ್ಲ. ಇಲ್ಲೇ ಕೋಟೆಕಾರಿನವರಾದ ಅಮೃತ ಸೋಮೇಶ್ವರರು, 2024ರಲ್ಲಿ ತೀರಿಕೊಂಡರು, ಅಧ್ಯಾಪನದ ಜೊತೆಜೊತೆಗೇ ಪಾಡ್ದನ, ಯಕ್ಷಗಾನ, ಅಬ್ಬಕ್ಕನ ಸುತ್ತಲಿನ ಕಥನ ಎಲ್ಲವನ್ನೂ ಸಂಗ್ರಹಿಸಿಟ್ಟರು. ಊರಿಗೊಬ್ಬ ಅಂಥ ಮೇಷ್ಟರು ಸಿಕ್ಕರೆ ಸಾಕು.

ಇಲ್ಲಿ ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು. ಸಮಾಜಶಾಸ್ತ್ರದ ಮೇಷ್ಟರಾಗಿ ಅಷ್ಟು ವರ್ಷ ನಿಮಗೆ ಪ್ಲಾಸಿ ಕದನದ ಕಾರಣಗಳನ್ನು ಬಾಯಿಪಾಠ ಮಾಡಿಸಿದೆ. ದುರ್ಗದ ಭರಮಣ್ಣ ನಾಯಕನ ಹೆಸರನ್ನು ಹೊತ್ತ ಭರಮಸಾಗರದ ಕೆರೆ ಅಷ್ಟು ಹತ್ತಿರವಿದ್ದರೂ, ಅದರ ಏರಿಯ ಮೇಲೆ ನಿಮ್ಮನ್ನು ನಡೆಸಿ ತೂಬು ಯಾವುದು, ಕೋಡಿ ಯಾವುದು, ಯಾರ ಹೊಲಕ್ಕೆ ಯಾವ ಹೆಸರು ಎಂದು ಒಂದು ದಿನವೂ ಬರೆಸಲಿಲ್ಲ. 2021ರಲ್ಲಿ ಏತ ನೀರಾವರಿಯಿಂದ ತುಂಗಭದ್ರೆಯ ನೀರು ಆ ಕೆರೆಗೆ ಬಂದಾಗ ಎಲ್ಲರಂತೆ ನಾನೂ ಹಿಗ್ಗಿದೆ. ಒಣಗಿದ ಕೆರೆಯ ಅಂಗಳದಲ್ಲಿ ಆಡಿದ್ದವರಿಗೆ ಮಾತ್ರ ಗೊತ್ತಿದ್ದ ದಾರಿಗಳು, ಗುಂಡಿಗಳು, ಮರಗಳ ಹೆಸರುಗಳು ಆ ನೀರಿನಡಿಗೆ ಹೋದವು ಎಂದು ಹೊಳೆದದ್ದು ಉಳ್ಳಾಲದ ದಂಡೆಯ ಮೇಲೆ ಆ ಹಿರಿಯರ ಪಕ್ಕ ಕುಳಿತಾಗ. ನಿಮ್ಮಲ್ಲಿ ಯಾರಿಗಾದರೂ ಅವು ನೆನಪಿದ್ದರೆ ದಯವಿಟ್ಟು ನನಗೆ ಬರೆದು ಕಳಿಸಿ. ಕಾಗುಣಿತದ ತಪ್ಪಿಗೆ ಈ ಸಲ ಅಂಕ ಕಳೆಯುವುದಿಲ್ಲ.

ಮೊಮ್ಮಗಳು ಎಂಟನೆಯ ತರಗತಿಯಲ್ಲಿದ್ದಾಳೆ. ಕಳೆದ ರಜೆಯಲ್ಲಿ ಅವಳನ್ನು ಒಂದು ನೋಟುಬುಕ್ಕಿನೊಂದಿಗೆ ಆ ಹಿರಿಯರ ಬಳಿಗೆ ಕರೆದೊಯ್ದೆ. ಬಾವಿ ಎಷ್ಟು ಆಳವಿತ್ತು ಅಜ್ಜ ಎಂದು ಕೇಳಿದಳು. ಅವರು ಯೋಚಿಸಿ, "ನಾಲ್ಕು ಕೋಲು ಮಗಾ. ನೀರು ಸಿಹಿ. ಬೇಸಿಗೆಯಲ್ಲಿ ಮೇಲಿನ ಕೇರಿಯವರೂ ನಮ್ಮಲ್ಲಿಗೇ ಬರುತ್ತಿದ್ದರು" ಎಂದರು. ಅವಳು ಅದನ್ನೆಲ್ಲ ಬರೆದುಕೊಂಡು, ಕೋಲು ಅಂದರೆ ಎಷ್ಟು ಅಡಿ ಎಂದು ದಾರಿಯುದ್ದಕ್ಕೂ ನನ್ನನ್ನು ಪೀಡಿಸಿದಳು.