ನಾಲ್ಕು ವರುಷದ ಸಿಪಾಯಿಗೆ ಯಾವ ಆಸ್ಪತ್ರೆ?

ಪುತ್ತೂರು, ಸುಳ್ಯ, ಕಡಬದ ಮನೆಗಳಿಂದ ಹುಡುಗರು ಮಿಲಿಟರಿಗೆ ಹೋಗುವುದು ಹೊಸತಲ್ಲ. ಹಿಂದೆ ಹೋದವನು ಹದಿನೈದು, ಹದಿನೇಳು ವರುಷ ದುಡಿದು ಪಿಂಚಣಿ ಹಿಡಿದು ಬರುತ್ತಿದ್ದ. 2003ರ ಎಪ್ರಿಲಿನಲ್ಲಿ ಇ.ಸಿ.ಎಚ್.ಎಸ್. ಎಂಬ ಮಾಜಿ ಸೈನಿಕರ ಆರೋಗ್ಯ ಯೋಜನೆ ಬಂತು. ಒಂದು ಸಲ ವಂತಿಗೆ ಕಟ್ಟಿದರೆ ಅವನಿಗೂ ಹೆಂಡತಿಗೂ, ಅವನನ್ನೇ ನಂಬಿದ ಮಕ್ಕಳಿಗೂ ತಂದೆತಾಯಿಗೂ ಚಿಕಿತ್ಸೆ ಉಂಟು.

2022ರ ಜೂನಿನಲ್ಲಿ ಸರಕಾರ ಸಾರಿದ ಅಗ್ನಿಪಥದ ಕರಾರು ಬೇರೆ. ಅವಧಿ ನಾಲ್ಕೇ ವರುಷ. ನೂರರಲ್ಲಿ 25 ಮಂದಿಯವರೆಗೆ ಉಳಿಯಬಹುದು. ಮಿಕ್ಕವರು ಸುಮಾರು 11.71 ಲಕ್ಷ ರೂಪಾಯಿಯ ಗಂಟು ಹಿಡಿದು ಮನೆಗೆ ಬರಬೇಕು. ಆ ಗಂಟಿನ ಅಸಲಿನಲ್ಲಿ ಅರ್ಧ ಅವರ ಸಂಬಳದಿಂದಲೇ ಮುರಿದದ್ದು. ಪಿಂಚಣಿ ಇಲ್ಲ, ಮಾಜಿ ಸೈನಿಕನೆಂಬ ಹೆಸರಿಲ್ಲ, ಇ.ಸಿ.ಎಚ್.ಎಸ್. ಇಲ್ಲ. 2022ರ ಕೊನೆಯಲ್ಲಿ ಸೇರತೊಡಗಿದ ಮೊದಲ ತಂಡಗಳ ಅವಧಿ 2026ರ ಕೊನೆಯಿಂದ ತುಂಬುತ್ತದೆ.

ಕಡಬದ ಒಬ್ಬ ಕೂಲಿಯ ಮಗ ಹೀಗೆ ಹಿಂದಿರುಗಿದನೆಂದು ಇಟ್ಟುಕೊಳ್ಳೋಣ. ತಂದೆಗೆ ಹೃದಯದ ಕಾಯಿಲೆ ಬಂದು ಮಂಗಳೂರಿನ ಖಾಸಗಿ ಆಸ್ಪತ್ರೆ ಸೇರಿದರೆ ಆ ಗಂಟು ಎಷ್ಟು ದಿನಕ್ಕೆ? ಆಯುಷ್ಮಾನ್ ಕಾರ್ಡು ಇದೆಯಲ್ಲ ಎನ್ನುವವರಿದ್ದಾರೆ. ಬಿ.ಪಿ.ಎಲ್. ಮನೆಗೆ ವರುಷಕ್ಕೆ 5 ಲಕ್ಷದವರೆಗೆ ಉಂಟು, ನಿಜ. ಆದರೆ ಎ.ಪಿ.ಎಲ್. ಮನೆಗೆ ಸರಕಾರ ಕೊಡುವುದು ನಿಗದಿತ ದರದ ನೂರಕ್ಕೆ 30ರಷ್ಟು ಮಾತ್ರ. ಮಗನ ಮಿಲಿಟರಿ ಸಂಬಳ ಕಂಡ ಮೇಲೆ ಬಿ.ಪಿ.ಎಲ್. ಕಾರ್ಡು ಉಳಿದೀತೆಂಬ ಭರವಸೆ ಯಾರಿಗಿದೆ?

ಪಿಂಚಣಿ ಇಲ್ಲದವನಿಗೆ ಈ ಸೌಲಭ್ಯ ಕೊಡಲಾಗದು ಎಂಬ ವಾದವನ್ನು ನಾವು ಒಪ್ಪುವುದಿಲ್ಲ. 2019ರ ಮಾರ್ಚಿಯಲ್ಲಿ ಕೇಂದ್ರ ಸಂಪುಟವೇ ಎರಡನೆಯ ಮಹಾಯುದ್ಧದ ಯೋಧರಿಗೂ, ಅಲ್ಪಾವಧಿಗೆ ಸೇರಿ ಪಿಂಚಣಿಯಿಲ್ಲದೆ ಬಂದ ಅಧಿಕಾರಿಗಳಿಗೂ ಇ.ಸಿ.ಎಚ್.ಎಸ್. ಬಾಗಿಲು ತೆರೆಯಿತು. ಅದು ಒಳ್ಳೆಯ ಕೆಲಸ. ಆದರೆ ಅಲ್ಪಾವಧಿಯ ಅಧಿಕಾರಿಗೆ ತೆರೆದ ಬಾಗಿಲು ಅಲ್ಪಾವಧಿಯ ಸಿಪಾಯಿಗೆ ಮುಚ್ಚಿರುವುದೇಕೆ? ಗಡಿಯ ಚಳಿಗೆ ಇಬ್ಬರೂ ಒಂದೇ ಅಲ್ಲವೆ?

ಗೇರುಬೀಜ ಫ್ಯಾಕ್ಟರಿಯ ಬಂಧುಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1948ರ ಇ.ಎಸ್.ಐ. ಕಾಯಿದೆ ಕಾರ್ಮಿಕನಿಗೆ ಮಾತ್ರವಲ್ಲ, ಅವನ ಮನೆಮಂದಿಗೂ ಔಷಧ ಕೊಟ್ಟಿತು. ಐದು ವರುಷ ವಿಮೆಯಲ್ಲಿದ್ದು ವಯಸ್ಸಾಗಿ ನಿವೃತ್ತನಾದವನು ವರುಷಕ್ಕೆ 120 ರೂಪಾಯಿ ಕಟ್ಟಿ ಗಂಡಹೆಂಡಿರ ಚಿಕಿತ್ಸೆ ಉಳಿಸಿಕೊಳ್ಳಬಹುದು. ಇಂತಹ ಏರ್ಪಾಡು ಸಿಪಾಯಿಗೇಕೆ ಬೇಡ?

ನಮ್ಮ ಬೇಡಿಕೆ ಇಷ್ಟೆ: ಗಂಟಿನಿಂದಲೇ ವಂತಿಗೆ ಮುರಿದುಕೊಳ್ಳಲಿ, ಅಗ್ನಿವೀರನನ್ನೂ ಅವನ ಕುಟುಂಬವನ್ನೂ ಇ.ಸಿ.ಎಚ್.ಎಸ್.ಗೆ ಸೇರಿಸಲಿ. ಅಂಗಡಿಯವರೂ ಕಾರ್ಮಿಕರೂ ಮುಂದಿನ ಗ್ರಾಮಸಭೆಯಲ್ಲಿ ಈ ಠರಾವನ್ನು ಮಂಡಿಸಿ ಸಂಸದರಿಗೆ ಕಳುಹಿಸಬೇಕು. ಹುಡುಗ ಹೋಗಿರುವ ಮನೆಯವರ ಸಹಿ ಮೊದಲು ಬೀಳಲಿ.