ವರದಿ ‘ನಾರ್ಮಲ್’, ಉಸಿರಾಟ ಮಾತ್ರ ಕಷ್ಟ

2023ರ ಡಿಸೆಂಬರ್‌ನ ಒಂದು ರಾತ್ರಿ. ಎರಡೂವರೆ ಗಂಟೆಯ ಸುಮಾರಿಗೆ ಮಗಳ ಕೋಣೆಯಲ್ಲಿ ದೀಪ ಹೊತ್ತಿದ್ದನ್ನು ಕಂಡು ಎದ್ದು ಹೋದೆ. ಆಕೆ ಮಂಚದ ಅಂಚಿನಲ್ಲಿ ಕುಳಿತು, ಎರಡೂ ಕೈಗಳನ್ನು ಮೊಣಕಾಲಿನ ಮೇಲೆ ಊರಿಕೊಂಡು ಉಸಿರಿಗಾಗಿ ಹೆಣಗುತ್ತಿದ್ದಳು. ಆಗ ಆಕೆಗೆ 26 ವರ್ಷ. ಚಿಕ್ಕಂದಿನಲ್ಲಿ ಗೂರಲು ಬಂದವಳಲ್ಲ. ಶಾಲೆಯ ಖೊಖೊ ತಂಡದಲ್ಲಿ ಓಡಿದವಳು. ಬೆಂಗಳೂರಿನ ಕಚೇರಿಯೊಂದರಲ್ಲಿ ದುಡಿಯುತ್ತಾ ತನ್ನ ಬದುಕನ್ನು ತಾನೇ ನೋಡಿಕೊಳ್ಳುತ್ತಿದ್ದ ಮಗಳು ಅಂದು ಒಂದು ವಾಕ್ಯವನ್ನು ಪೂರ್ತಿಯಾಗಿ ಹೇಳಲಾರದೆ ‘ಅಪ್ಪಾ’ ಎಂದಷ್ಟೇ ಅಂದಳು.

ಮುಂದಿನ ಐದು ತಿಂಗಳು ನಾವು ಪರೀಕ್ಷೆಗಳ ಹಿಂದೆ ಅಲೆದೆವು. ಇಸಿಜಿ, ಎಕೊ, ಎದೆಯ ಎಕ್ಸ್‌–ರೇ, ರಕ್ತ, ಥೈರಾಯ್ಡ್... ಪ್ರತಿ ಲಕೋಟೆಯೊಳಗೂ ಒಂದೇ ಪದ: ‘ನಾರ್ಮಲ್’. ಶ್ವಾಸಕೋಶದ ಸಾಮರ್ಥ್ಯ ಅಳೆಯುವ ಸ್ಪೈರೊಮೆಟ್ರಿಯನ್ನೂ ಮಾಡಿಸಿದ್ದಾಯಿತು. ಅಂದು ಮಧ್ಯಾಹ್ನ ಆಕೆ ಚೆನ್ನಾಗಿಯೇ ಇದ್ದಳು. ಫಲಿತಾಂಶವೂ ಚೆನ್ನಾಗಿಯೇ ಬಂತು. ‘ಏನೂ ಇಲ್ಲ, ಟೆನ್ಷನ್ ಕಡಿಮೆ ಮಾಡಿಕೊಳ್ಳಲಿ’ ಎಂದರು ಒಬ್ಬ ವೈದ್ಯರು. ‘ಮದುವೆ ಮಾಡಿ, ಎಲ್ಲ ಸರಿಹೋಗುತ್ತದೆ’ ಎಂದರು ಬಂಧುಗಳು. ಒಂದು ಹಂತದಲ್ಲಿ ನಾನೇ, ‘ನೀನು ಇದನ್ನೇ ಯೋಚಿಸಬೇಡ’ ಎಂದು ಮಗಳಿಗೆ ಹೇಳಿಬಿಟ್ಟೆ. ಈಗಲೂ ನನ್ನನ್ನು ಚುಚ್ಚುವ ಮಾತು ಅದು.

‘ಏನೂ ಇಲ್ಲ’ ಎನ್ನುವುದಕ್ಕೂ ‘ಏನೂ ಕಂಡುಬಂದಿಲ್ಲ’ ಎನ್ನುವುದಕ್ಕೂ ಅಜಗಜಾಂತರವಿದೆ. ಮೊದಲನೆಯದು ರೋಗಿಯ ಅನುಭವವನ್ನೇ ಅಲ್ಲಗಳೆಯುತ್ತದೆ. ಎರಡನೆಯದು ಹುಡುಕಾಟವನ್ನು ಮುಂದುವರಿಸುತ್ತದೆ. ಈ ವ್ಯತ್ಯಾಸವನ್ನು ಮರೆತಾಗ ಪ್ರಾಯಕ್ಕೆ ಬಂದ ಮಕ್ಕಳು ಮನೆಯಲ್ಲೂ ಆಸ್ಪತ್ರೆಯಲ್ಲೂ ಒಂಟಿಯಾಗುತ್ತಾರೆ. ಉಸಿರಾಟದ ಕಾಯಿಲೆಯಲ್ಲಿ ಒಂಟಿತನವೇ ಒಂದು ಅಪಾಯ.

ಅಸ್ತಮಾದ ಸ್ವಭಾವವೇ ಹೀಗೆ ಮೋಸಗೊಳಿಸುವಂಥದ್ದು. ಶ್ವಾಸನಾಳಗಳ ಒಳಪದರದಲ್ಲಿ ಸದಾ ಉರಿಯೂತವಿರುತ್ತದೆ. ಪ್ರಚೋದನೆ ಸಿಕ್ಕಾಗ ಸುತ್ತಲಿನ ಸ್ನಾಯು ಬಿಗಿದು, ಕಫ ತುಂಬಿ, ದಾರಿ ಕಿರಿದಾಗುತ್ತದೆ. ಕೆಲ ಹೊತ್ತಿನ ನಂತರ ಅದು ತಾನಾಗಿಯೇ ಅಥವಾ ಔಷಧದಿಂದ ತೆರೆದುಕೊಳ್ಳುತ್ತದೆ. ಈ ಏರಿಳಿತವೇ ರೋಗದ ಗುರುತು. ಔಷಧ ಕೊಡುವ ಮೊದಲು ಹಾಗೂ ನಂತರ ಸ್ಪೈರೊಮೆಟ್ರಿ ಮಾಡಿದಾಗ, ಮೊದಲ ಒಂದು ಸೆಕೆಂಡಿನಲ್ಲಿ ಹೊರಬರುವ ಗಾಳಿಯ ಪ್ರಮಾಣ ಶೇ 12ರಷ್ಟು ಮತ್ತು 200 ಮಿಲಿ ಲೀಟರ್‌ನಷ್ಟು ಹೆಚ್ಚಿದರೆ ಅದು ಅಸ್ತಮಾದತ್ತ ಬೆರಳು ತೋರುತ್ತದೆ. ಆದರೆ ರಾತ್ರಿ ಎರಡು ಗಂಟೆಗೆ ಕಾಡುವ ಕಾಯಿಲೆ ಮಧ್ಯಾಹ್ನ ಹನ್ನೆರಡಕ್ಕೆ ಪ್ರಯೋಗಾಲಯದಲ್ಲಿ ಹಾಜರಾಗಬೇಕೆಂದೇನೂ ಇಲ್ಲ.

ನಮಗೆ ದಾರಿ ತೋರಿದ್ದು ಕೆಲವೇ ನೂರು ರೂಪಾಯಿಗೆ ಸಿಗುವ ಪೀಕ್ ಫ್ಲೊ ಮೀಟರ್ ಎಂಬ ಪ್ಲಾಸ್ಟಿಕ್ ಕೊಳವೆ. ಶ್ವಾಸಕೋಶ ತಜ್ಞೆಯೊಬ್ಬರು ಅದನ್ನು ಮಗಳ ಕೈಗಿತ್ತು, ಎರಡು ವಾರ ಬೆಳಿಗ್ಗೆ–ಸಂಜೆ ಊದಿ ಬರೆದಿಡಲು ಹೇಳಿದರು. ಸಂಜೆ 410 ತೋರುತ್ತಿದ್ದ ಮುಳ್ಳು ಬೆಳಗಿನ ಜಾವ 320ಕ್ಕೆ ಇಳಿದಿರುತ್ತಿತ್ತು. ಒಂದು ದಿನವಲ್ಲ, ಮತ್ತೆ ಮತ್ತೆ. ವಯಸ್ಕರಲ್ಲಿ ದಿನದೊಳಗಿನ ಈ ವ್ಯತ್ಯಾಸ ಸರಾಸರಿ ಶೇ 10ನ್ನು ದಾಟಿದರೆ ಅದನ್ನು ಗಂಭೀರವಾಗಿ ಪರಿಗಣಿಸಬೇಕೆಂದು ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಹೀಗೆ ಐದು ತಿಂಗಳ ನಂತರ ಕಾಯಿಲೆಗೊಂದು ಹೆಸರು ದೊರಕಿತು.

ಕಥೆ ಅಲ್ಲಿಗೇ ಮುಗಿಯಲಿಲ್ಲ. ಇನ್‌ಹೇಲರ್ ಶುರುವಾದ ಮೇಲೆ ರಾತ್ರಿಯ ಉಬ್ಬಸ ತಗ್ಗಿತಾದರೂ ಕೆಲವು ಸಲ ಹಗಲಿನಲ್ಲಿ ಗಂಟಲೇ ಬಿಗಿದಂತಾಗಿ, ಎಷ್ಟು ಬಾರಿ ಔಷಧ ಸೇದಿದರೂ ಜಗ್ಗುತ್ತಿರಲಿಲ್ಲ. ಈ ಬಾರಿ ಕಷ್ಟವಾಗುತ್ತಿದ್ದುದು ಉಸಿರು ಬಿಡಲು ಅಲ್ಲ, ಎಳೆದುಕೊಳ್ಳಲು. ಕಿವಿ, ಮೂಗು, ಗಂಟಲು ತಜ್ಞರು ಕ್ಯಾಮೆರಾದ ಸಣ್ಣ ನಳಿಕೆಯನ್ನು ಮೂಗಿನ ಮೂಲಕ ಇಳಿಸಿ ನೋಡಿದಾಗ, ಉಸಿರೆಳೆಯುವಾಗ ತೆರೆದುಕೊಳ್ಳಬೇಕಾದ ಧ್ವನಿತಂತುಗಳು ಮುಚ್ಚಿಕೊಳ್ಳುತ್ತಿದ್ದುದು ಕಂಡಿತು. ಇದು ಅಸ್ತಮಾದಂತೆಯೇ ತೋರುವ, ಕೆಲವರಲ್ಲಿ ಅಸ್ತಮಾದ ಜೊತೆಗೇ ಇರುವ ಬೇರೆ ತೊಂದರೆ. ಇದಕ್ಕೆ ಇನ್‌ಹೇಲರ್ ಮದ್ದಲ್ಲ; ಮೂಗಿನಿಂದ ಮೂಸಿದಂತೆ ಚುಟುಕಾಗಿ ಉಸಿರೆಳೆದು, ತುಟಿ ಮೊನಚಾಗಿಸಿ ನಿಧಾನವಾಗಿ ಬಿಡುವಂತಹ ಅಭ್ಯಾಸಗಳನ್ನು ಕಲಿಸುವ ವಾಕ್ ಚಿಕಿತ್ಸಕರು ಬೇಕು. ಅಂತಹ ಚಿಕಿತ್ಸಕರನ್ನು ರೂಪಿಸುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮ್ಮ ಮೈಸೂರಿನಲ್ಲೇ ಆರು ದಶಕಗಳಿಂದ ಇದೆ. ಆದರೂ ಉಸಿರಾಟದ ತೊಂದರೆಗೂ ಅವರಿಗೂ ಇರುವ ನಂಟು ಎಷ್ಟು ಕುಟುಂಬಗಳಿಗೆ ಗೊತ್ತಿದೆ?

‘ಕಾರಣ ತಿಳಿಯದ’ ಉಸಿರಾಟದ ತೊಂದರೆ ಎಂದರೆ ಕಾರಣವೇ ಇಲ್ಲದ ತೊಂದರೆಯಲ್ಲ. ಸ್ಪೇನ್‌ನ ಬಾರ್ಸಿಲೋನಾ ನಗರದಲ್ಲಿ 1981ರಿಂದ 1987ರವರೆಗೆ ಕೆಲವು ನಿರ್ದಿಷ್ಟ ದಿನಗಳಂದು ಆಸ್ಪತ್ರೆಗಳಿಗೆ ಉಬ್ಬಸದ ರೋಗಿಗಳು ಏಕಾಏಕಿ ಹರಿದುಬರುತ್ತಿದ್ದರು. ಏಕೆಂದು ಯಾರಿಗೂ ಹೊಳೆದಿರಲಿಲ್ಲ. ಬಂದರಿನಲ್ಲಿ ಹಡಗುಗಳಿಂದ ಸೋಯಾ ಅವರೆಯನ್ನು ಇಳಿಸುವ ದಿನಗಳಿಗೂ ಇದಕ್ಕೂ ತಾಳೆಯಾಗುತ್ತದೆ ಎಂಬುದನ್ನು ಸಂಶೋಧಕರು ಕೊನೆಗೆ ಪತ್ತೆಹಚ್ಚಿದರು. ಉಗ್ರಾಣಕ್ಕೆ ದೂಳು ತಡೆಯುವ ಫಿಲ್ಟರ್ ಅಳವಡಿಸಿದ ಮೇಲೆ ಆ ಹಾವಳಿ ನಿಂತಿತು. ನಮ್ಮಲ್ಲೂ ಬೇಕರಿಯ ಹಿಟ್ಟು, ರೇಷ್ಮೆ ಬಿಚ್ಚಾಣಿಕೆಯ ದೂಳು, ಹಸಿ ಕಾಫಿ ಬೀಜದ ದೂಳು, ಸ್ಪ್ರೇ ಪೇಂಟ್ ದುಡಿಯುವವರ ಉಸಿರಿಗೆ ಕುತ್ತು ತರಬಲ್ಲವು. ಅಪಾರ್ಟ್‌ಮೆಂಟ್‌ಗಳ ಬಾಲ್ಕನಿಯಲ್ಲಿ ಗುಂಪುಗೂಡುವ ಪಾರಿವಾಳಗಳ ಹಿಕ್ಕೆ ಮತ್ತು ಗರಿಗಳಿಂದ ಶ್ವಾಸಕೋಶಕ್ಕೆ ಬೇರೆಯದೇ ರೀತಿಯ ಹಾನಿಯಾಗಬಹುದು. ರಜೆಯ ದಿನ ಉಸಿರು ಹಗುರವಾಗುತ್ತದೆಯೇ, ಊರಿಗೆ ಹೋದಾಗ ಸರಿಹೋಗುತ್ತದೆಯೇ ಎಂಬ ಪ್ರಶ್ನೆಗಳು ದುಬಾರಿ ಸ್ಕ್ಯಾನ್‌ಗಿಂತ ಹೆಚ್ಚಿನದನ್ನು ಹೇಳಬಲ್ಲವು. ಆದರೆ ಅವನ್ನು ಕೇಳಲು ವೈದ್ಯರಿಗೆ ಬಿಡುವಿರಬೇಕು.

ಬೆಂಗಳೂರಿಗರಿಗೆ ಈ ಕಾಯಿಲೆ ಹೊಸದಲ್ಲ. ತಮ್ಮ ಆಸ್ಪತ್ರೆಗೆ ಬಂದ ಮಕ್ಕಳನ್ನು ಎರಡು ದಶಕಗಳ ಕಾಲ ಗಮನಿಸಿದ ಮಕ್ಕಳ ತಜ್ಞ ಡಾ. ಎಚ್. ಪರಮೇಶ್, 1979ರಲ್ಲಿ ಶೇ 9ರಷ್ಟಿದ್ದ ಅಸ್ತಮಾ 1999ರ ವೇಳೆಗೆ ಶೇ 29.5ಕ್ಕೆ ಏರಿದ್ದನ್ನು ದಾಖಲಿಸಿದ್ದರು. ಅಂದಿನ ಮಕ್ಕಳು ಈಗ ವಯಸ್ಕರು. ಕೆಲವರಲ್ಲಿ ಕಾಯಿಲೆ ಮರೆಯಾಗಿ ಮತ್ತೆ ಮರಳುತ್ತದೆ. ನನ್ನ ಮಗಳಂಥವರಲ್ಲಿ ಪ್ರಾಯಕ್ಕೆ ಬಂದ ಮೇಲೆಯೇ ಮೊದಲ ಬಾರಿ ಕಾಣಿಸಿಕೊಳ್ಳುತ್ತದೆ. ದೇಶದ ಚಿತ್ರ ಇನ್ನೂ ಕಳವಳಕಾರಿ. ಜಾಗತಿಕ ರೋಗಭಾರ ಅಧ್ಯಯನದ 2019ರ ಅಂದಾಜಿನಂತೆ ಭಾರತದಲ್ಲಿ ಸುಮಾರು 3.4 ಕೋಟಿ ಅಸ್ತಮಾ ರೋಗಿಗಳಿದ್ದರು. ವಿಶ್ವದ ಅಸ್ತಮಾ ಹೊರೆಯಲ್ಲಿ ನಮ್ಮ ಪಾಲು ಶೇ 13ರ ಆಸುಪಾಸು; ಅಸ್ತಮಾ ಸಾವುಗಳಲ್ಲಿ ಮಾತ್ರ ಶೇ 40ಕ್ಕೂ ಹೆಚ್ಚು. ರೋಗಕ್ಕಿಂತ ರೋಗದ ನಿರ್ವಹಣೆಯಲ್ಲೇ ನಾವು ಸೋಲುತ್ತಿದ್ದೇವೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಸೋಲಿಗೆ ಒಂದು ಕಾರಣ ಇನ್‌ಹೇಲರ್ ಬಗೆಗಿನ ಅಂಜಿಕೆ. ‘ಪಂಪ್ ಅಭ್ಯಾಸವಾದರೆ ಬಿಡಿಸಲಾಗದು’ ಎಂಬ ಮಾತನ್ನು ಕೇಳದ ಮನೆಯಿಲ್ಲ. ಲೆಕ್ಕ ನೋಡಿ: ಸಾಲ್ಬುಟಮಾಲ್ ಇನ್‌ಹೇಲರ್‌ನ ಎರಡು ಪಫ್‌ಗಳಲ್ಲಿರುವುದು 200 ಮೈಕ್ರೊಗ್ರಾಂ, ಅದೇ ಔಷಧದ 4 ಮಿಲಿಗ್ರಾಂ ಮಾತ್ರೆಯಲ್ಲಿ ಅದರ ಇಪ್ಪತ್ತು ಪಟ್ಟು. ಆದರೂ ಮಾತ್ರೆ ಸೌಮ್ಯ, ಪಂಪ್ ಭಯಂಕರ ಎಂದು ನಂಬಿದ್ದೇವೆ. ಇನ್ನು ಉರಿಯೂತವನ್ನು ತಗ್ಗಿಸುವ ಸ್ಟೀರಾಯ್ಡ್ ಇನ್‌ಹೇಲರ್ ಅನ್ನು ಬದಿಗಿಟ್ಟು, ತಕ್ಷಣ ಆರಾಮ ಕೊಡುವುದನ್ನು ಮಾತ್ರ ಬಳಸುವವರು ಬಹಳ. ಅಸ್ತಮಾ ಕುರಿತ ಜಾಗತಿಕ ಸಂಸ್ಥೆ ‘ಗಿನಾ’ 2019ರಲ್ಲೇ, ವಯಸ್ಕರು ಹಾಗೂ ಹದಿಹರೆಯದವರಿಗೆ ಕೇವಲ ಸಾಲ್ಬುಟಮಾಲ್‌ನಂಥ ಔಷಧವನ್ನೇ ನೆಚ್ಚಿಕೊಂಡ ಚಿಕಿತ್ಸೆ ಸಲ್ಲದು ಎಂದಿದೆ. ಅದು ಆ ಕ್ಷಣದ ಬಿಗಿತವನ್ನು ಸಡಿಲಿಸುತ್ತದೆಯೇ ಹೊರತು ಒಳಗಿನ ಉರಿಯೂತವನ್ನು ಶಮನ ಮಾಡುವುದಿಲ್ಲ.

ಇನ್ನೊಂದು ಕಾರಣ ಮುಚ್ಚುಮರೆ. ಗಂಡಿನ ಕಡೆಯವರಿಗೆ ತಿಳಿಯಬಾರದೆಂದು, ಕಚೇರಿಯಲ್ಲಿ ಬಡ್ತಿಗೆ ಅಡ್ಡಿಯಾದೀತೆಂದು ಕಾಯಿಲೆಯನ್ನು ಬಚ್ಚಿಡುತ್ತೇವೆ. ಮಗಳ ಪಂಪನ್ನು ನನ್ನ ಹೆಂಡತಿ ಅತಿಥಿಗಳು ಬಂದಾಗ ಬೀರುವಿಗೆ ಸೇರಿಸುತ್ತಿದ್ದಳು; ನಾನು ಸುಮ್ಮನಿದ್ದೆ. ಮೃಗಶಿರಾ ಮಳೆಯ ಹೊತ್ತಿಗೆ ಹೈದರಾಬಾದಿನಲ್ಲಿ ಕೊಡುವ ಮೀನಿನ ಮದ್ದಿಗೆ ಮಗಳನ್ನು ಕರೆದೊಯ್ಯಲು ರೈಲಿನ ಟಿಕೆಟ್ ಕಾಯ್ದಿರಿಸಿದವನೂ ನಾನೇ. ಆಕೆ ಬರಲೊಪ್ಪಲಿಲ್ಲ. ‘ನಿನ್ನ ಒಳ್ಳೆಯದಕ್ಕೇ’ ಎಂದು ಮೂರು ದಿನ ಮುನಿಸಿಕೊಂಡೆ.

ನನ್ನ ಕಣ್ಣು ತೆರೆಸಿದ್ದು ಆ ಶ್ವಾಸಕೋಶ ತಜ್ಞೆಯೇ. ಮೊದಲ ಭೇಟಿಯಲ್ಲಿ ಅವರು ಕೇಳಿದ ಪ್ರತಿ ಪ್ರಶ್ನೆಗೂ ನಾನೇ ಉತ್ತರಿಸುತ್ತಿದ್ದೆ. ಅವರು ಪೆನ್ನು ಕೆಳಗಿಟ್ಟು, ‘ಸಾರ್, ತಪ್ಪು ತಿಳೀಬೇಡಿ. ಸ್ವಲ್ಪ ಹೊತ್ತು ಹೊರಗೆ ಕೂತಿರ್ತೀರಾ? ಉಸಿರಾಡ್ತಿರೋದು ಅವರು, ಅವರೇ ಹೇಳಲಿ’ ಎಂದರು. ಅವಮಾನವಾದಂತೆ ಎನಿಸಿತು. ಒಳಗೆ ಮಗಳು ಹೇಳಿದ್ದನ್ನು ಆಕೆಯೇ ನಂತರ ನಮಗೆ ತಿಳಿಸಿದಳು. ಎಷ್ಟೋ ರಾತ್ರಿ ಉಸಿರು ಕಟ್ಟಿದಾಗ ಆಕೆ ನಮ್ಮನ್ನು ಎಬ್ಬಿಸದೆ ಕತ್ತಲಲ್ಲೇ ಕುಳಿತಿರುತ್ತಿದ್ದಳಂತೆ. ‘ನನ್ನ ಉಸಿರು ಸಂಭಾಳಿಸೋದಕ್ಕಿಂತ ನಿಮ್ಮ ಗಾಬರಿ ಸಂಭಾಳಿಸೋದೇ ಕಷ್ಟ ಆಗ್ತಿತ್ತಪ್ಪ’ ಎಂದಳು.

ಬ್ರಿಟನ್ನಿನಲ್ಲಿ ಅಸ್ತಮಾದಿಂದ ಮೃತಪಟ್ಟ 195 ಮಂದಿಯ ಪ್ರಕರಣಗಳನ್ನು ಪರಿಶೀಲಿಸಿ 2014ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಶೇ 45ರಷ್ಟು ಜನ ವೈದ್ಯಕೀಯ ನೆರವು ಕೇಳದೆಯೇ ಅಥವಾ ನೆರವು ಸಿಗುವ ಮೊದಲೇ ಸತ್ತಿದ್ದರು ಎಂದಿದೆ. ಆ ಅಂಕಿಯನ್ನು ಓದಿದಾಗ ನನಗೆ ನೆನಪಾದದ್ದು ಕತ್ತಲಲ್ಲಿ ಕುಳಿತ ಮಗಳು. ನಮ್ಮ ಅತಿಯಾದ ಪ್ರೀತಿಯೇ ಆಕೆಯ ಬಾಯಿ ಕಟ್ಟಿತ್ತು.

ಪ್ರಾಯಕ್ಕೆ ಬಂದ ಮಕ್ಕಳ ಕಾಯಿಲೆಯಲ್ಲಿ ಹೆತ್ತವರ ಪಾತ್ರ ಸಾರಥಿಯದಲ್ಲ, ಜೊತೆಗಾರರದು. ಹೇಳಿದ್ದನ್ನು ನಂಬುವುದು, ಕರೆದಾಗ ಹೋಗುವುದು, ಕರೆಯದಾಗ ದೂರ ನಿಲ್ಲುವುದು. ಇವುಗಳಲ್ಲಿ ಮೂರನೆಯದೇ ಅತ್ಯಂತ ಕಠಿಣ. ದೂರ ನಿಲ್ಲುವುದೆಂದರೆ ಕೈಬಿಡುವುದಲ್ಲ. ಮಾತನಾಡಲಾಗದಷ್ಟು ಏದುಸಿರು, ಪಂಪ್ ಬಳಸಿದರೂ ತಗ್ಗದ ಉಬ್ಬಸ, ನೀಲಿಗಟ್ಟುವ ತುಟಿ: ಇವು ಕಂಡರೆ ಯಾರ ಅನುಮತಿಗೂ ಕಾಯದೆ 108ಕ್ಕೆ ಕರೆ ಮಾಡಬೇಕು. ಉಳಿದಂತೆ ಯಾವ ಔಷಧ, ಯಾವ ವೈದ್ಯರು, ಯಾರಿಗೆ ಹೇಳಬೇಕು ಎಂಬ ನಿರ್ಧಾರ ಅವರದ್ದೇ.

ಕುಟುಂಬಗಳು ತಿದ್ದಿಕೊಂಡರೆ ಸಾಲದು. ವ್ಯವಸ್ಥೆಯೂ ಹೊಣೆ ಹೊರಬೇಕು. ಬೆಂಗಳೂರಿನ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆಯಂತಹ ಸರ್ಕಾರಿ ಕೇಂದ್ರಗಳಲ್ಲಿ ತಜ್ಞರ ಸೇವೆ ದೊರೆಯುತ್ತದೆ ನಿಜ. ಆದರೆ ಮೊದಲ ಉಬ್ಬಸಕ್ಕೆ ಜನ ಹೋಗುವುದು ಬಡಾವಣೆಯ ಕ್ಲಿನಿಕ್‌ಗೆ, ತಾಲ್ಲೂಕಿನ ಆಸ್ಪತ್ರೆಗೆ. ರಕ್ತದೊತ್ತಡ ಅಳೆಯುವಷ್ಟೇ ಸಹಜವಾಗಿ ಅಲ್ಲಿ ಪೀಕ್ ಫ್ಲೊ ಅಳೆಯುವಂತಾಗಬೇಕು. ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯಲ್ಲಿರುವ ಸಾಲ್ಬುಟಮಾಲ್, ಬುಡೆಸೊನೈಡ್ ಇನ್‌ಹೇಲರ್‌ಗಳು ಪಟ್ಟಿಯಲ್ಲಷ್ಟೇ ಉಳಿಯದೆ ರೋಗಿಯ ಕೈಸೇರಬೇಕು. ಉಸಿರುಗಟ್ಟಿ ರಜೆ ಕೇಳಿದ ನೌಕರನಿಂದ ‘ರೋಗದ ಹೆಸರಿರುವ’ ಪ್ರಮಾಣಪತ್ರವನ್ನೇ ಬೇಡುವ ಕಚೇರಿಗಳು, ಹೆಸರು ಸಿಗಲು ತಿಂಗಳುಗಳೇ ಹಿಡಿಯುತ್ತವೆ ಎಂಬುದನ್ನು ಅರಿಯಬೇಕು. ಮೊದಲೇ ಇದ್ದ ಕಾಯಿಲೆಗೆ ಆರೋಗ್ಯ ವಿಮೆಯಲ್ಲಿ ಕಾಯಬೇಕಾದ ಗರಿಷ್ಠ ಅವಧಿಯನ್ನು ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲಿ ನಾಲ್ಕು ವರ್ಷದಿಂದ ಮೂರಕ್ಕೆ ಇಳಿಸಿದೆ. ಮುಚ್ಚಿಟ್ಟು ಪರಿಹಾರವನ್ನೇ ಕಳೆದುಕೊಳ್ಳುವುದಕ್ಕಿಂತ ಹೇಳಿ ಕಾಯುವುದು ಲೇಸು.

ಮಗಳು ಈಗ ಬಹುಮಟ್ಟಿಗೆ ಚೇತರಿಸಿಕೊಂಡಿದ್ದಾಳೆ; ಪೂರ್ತಿಯಾಗಿ ಅಲ್ಲ. ಯಾವ ವಿವರಣೆಗೂ ಸಿಗದ ಒಂದೆರಡು ದಿನಗಳು ಈಗಲೂ ಬರುತ್ತವೆ. ಯಾವಾಗ ಯಾವ ಔಷಧ, ಯಾವ ಅಂಕಿಗಿಂತ ಕೆಳಗಿಳಿದರೆ ಆಸ್ಪತ್ರೆ ಎಂದು ಆಕೆಯೇ ಬರೆದ ಹಾಳೆಯೊಂದು ಫ್ರಿಜ್‌ನ ಬಾಗಿಲಿನ ಮೇಲಿದೆ. ಅತಿಥಿಗಳು ಬಂದರೂ ನಾವು ಅದನ್ನು ತೆಗೆಯುವುದಿಲ್ಲ. ರಾತ್ರಿ ಆಕೆಯ ಕೋಣೆಯಲ್ಲಿ ದೀಪ ಹೊತ್ತಿದರೆ ನನಗೆ ಇಂದಿಗೂ ಎಚ್ಚರವಾಗುತ್ತದೆ. ಆದರೆ ಓಡಿಹೋಗುವುದಿಲ್ಲ. ಬೇಕೆನಿಸಿದರೆ ಆಕೆ ಕರೆಯುತ್ತಾಳೆ ಎಂಬ ನಂಬಿಕೆ ಈಗ ಇದೆ. ಆ ನಂಬಿಕೆ ಹುಟ್ಟಬೇಕಾದರೆ ಮೊದಲು ನಾವು ಆಕೆಯ ಮಾತನ್ನು ನಂಬಬೇಕಾಯಿತು.