ಸರ್ವರ್ ಎದ್ದಿದ್ದರೆ ಸಾಲದು, ಕನ್ನಡದಲ್ಲಿ ಕೆಲಸ ನಡೆಯಬೇಕು!

ಶಿವಾಜಿನಗರ, ಹಲಸೂರು, ಇಂದಿರಾನಗರ, ಕೆ.ಆರ್. ಪುರದ ಕನ್ನಡಿಗರೇ! ಒಂದು ದಿನದ ಕೂಲಿ ಬಿಟ್ಟು ಕಚೇರಿಗೆ ಹೋಗಿ, 'ಸರ್ವರ್ ಡೌನ್' ಎನ್ನಿಸಿಕೊಂಡು ಎಷ್ಟು ಸಲ ವಾಪಸು ಬಂದಿದ್ದೀರಿ?

2023ರಲ್ಲಿ ಬಂದ ಕಾವೇರಿ 2.0 ತಂತ್ರಾಂಶ 2025ರ ಆರಂಭದಲ್ಲಿ ಕುಸಿದು, ಆಸ್ತಿ ನೋಂದಣಿ ರಾಜ್ಯವಿಡೀ ಮುಗ್ಗರಿಸಿತು. ನಕಲಿ ಖಾತೆಗಳಿಂದ ಸುಳ್ಳು ಕೋರಿಕೆಗಳನ್ನು ಸುರಿದ ದಾಳಿ ಇದು ಎಂದಿತು ಸರ್ಕಾರ. ಸರಿ, ಕಳ್ಳ ಬರುತ್ತಾನೆ. ಕಾವಲು ಹೇಗಿರಬೇಕು?

ಮುಖಪುಟ ತೆರೆದರೆ ಸಾಕು, ಯಂತ್ರ '200' ಎಂಬ ಸಂಕೇತ ಕೊಟ್ಟು 'ಎಲ್ಲ ಸರಿ' ಎನ್ನುತ್ತದೆ. ಒಳಗೆ ಓಟಿಪಿ ಬಾರದಿರಬಹುದು, ಹಣ ಕಟ್ಟಿದರೂ ರಸೀದಿ ಸಿಗದಿರಬಹುದು, ಕನ್ನಡದ ಒತ್ತಕ್ಷರಗಳು ಬರೀ ಚೌಕಗಳಾಗಿರಬಹುದು! ಐದೈದು ನಿಮಿಷಕ್ಕೊಮ್ಮೆ ಕನ್ನಡದಲ್ಲೇ ಹೆಸರು ತುಂಬಿ, ಪರೀಕ್ಷಾ ಅರ್ಜಿಯೊಂದನ್ನು ಕೊನೆಯ ಹಂತದವರೆಗೆ ಓಡಿಸಿ ನೋಡುವುದೇ ನಿಜವಾದ ಕಾವಲು.

ಕನ್ನಡವನ್ನು ಆಡಳಿತ ಭಾಷೆಯಾಗಿಸಿದ ಕಾಯ್ದೆ 1963ರದು. ತಂತ್ರಾಂಶ ಕೆಟ್ಟಾಗಲೂ ಪರದೆ ಕನ್ನಡದಲ್ಲೇ ಮಾತಾಡಲಿ. ಯಾವಾಗ ಕೆಟ್ಟಿತು, ಯಾವಾಗ ಸರಿಹೋಗುತ್ತದೆ ಎಂಬ ಫಲಕ ಪ್ರತಿ ಕಚೇರಿಯ ಬಾಗಿಲಲ್ಲಿ ತೂಗಲಿ. ಮುಂದಿನ ಸಲ 'ಡೌನ್' ಎಂದರೆ ಸುಮ್ಮನೆ ಮರಳಬೇಡಿ. ಅದನ್ನು ಕನ್ನಡದಲ್ಲಿ ಬರೆದುಕೊಡಿ ಎಂದು ಕೇಳಿ!